ಪಿಟೀಲಿನ ಹೊಟ್ಟೆನೋವು

ಪಿಟೀಲು ರಿಪೇರಿ ಕಲಿಯುತ್ತಿದ್ದೇನೆ ಅಂದರೆ ನಮ್ಮ ಚಿಕ್ಕಮಗಳೂರಿನಲ್ಲಿ ಜನ ಮೊದಲು ಕೇಳೋದು, "ಅದರಲ್ಲಿ ಕಲಿಯೋಕೆ ಏನಿದೆ? ತಂತಿ ಹೋದರೆ ತಂತಿ ಹಾಕೋದು ತಾನೇ?" ಅಂತ. ಅದರ ಬೆನ್ನಿಗೇ, "ನಮ್ಮನೇಲಿ ಒಂದು ಮಿಕ್ಸಿ ಕೆಟ್ಟಿದೆ, ಅದನ್ನೂ ನೋಡ್ತೀರಾ?" ಕಾಫಿ ತೋಟದವರ ಪ್ರಶ್ನೆ ಮಾತ್ರ ಬೇರೆ. ಅವರು ಆಚೆ ಈಚೆ ನೋಡಿ ದನಿ ತಗ್ಗಿಸುತ್ತಾರೆ. "ನಮ್ಮ ಬಂಗಲೆ ಅಟ್ಟದಲ್ಲಿ ಇಂಗ್ಲಿಷ್ ದೊರೆ ಬಿಟ್ಟುಹೋದ ಪಿಟೀಲೊಂದಿದೆ. ಒಳಗೆ ಸ್ಟ್ರಾಡಿವೇರಿಯಸ್ ಅಂತ ಬರೆದಿದೆ. ಯಾರಿಗೂ ಹೇಳಬೇಡಿ."

ಯಾರಿಗೂ ಹೇಳುವ ಅಗತ್ಯ ಬೀಳುವುದಿಲ್ಲ. ಆಂಟೋನಿಯೋ ಸ್ಟ್ರಾಡಿವರಿ ಇಟಲಿಯ ಕ್ರೆಮೋನಾದವನು, ಪಿಟೀಲು ಮಾಡುವವರಲ್ಲೇ ದೊಡ್ಡ ಹೆಸರು. 1737ರಲ್ಲಿ ತೀರಿಕೊಂಡ. ಅವನು ಮಾಡಿದ ವಾದ್ಯಗಳಲ್ಲಿ ಈಗ ಉಳಿದಿರೋದು ಸುಮಾರು 650. ಆದರೆ ಅವನ ಹೆಸರಿನ ಚೀಟಿ ಅಂಟಿಸಿಕೊಂಡು ಜರ್ಮನಿ, ಬೊಹೀಮಿಯಾ ಕಡೆಯಿಂದ ಡಜನ್ ಲೆಕ್ಕದಲ್ಲಿ ಹೊರಟ ಪಿಟೀಲುಗಳಿಗೆ ಲೆಕ್ಕವೇ ಇಲ್ಲ. ಮೂಡಿಗೆರೆ ಕಡೆಯ ತೋಟದ ಯಜಮಾನರೊಬ್ಬರು ಅಂಥದ್ದೊಂದನ್ನು ರೇಷ್ಮೆ ಪಂಚೆಯಲ್ಲಿ ಸುತ್ತಿ ತಂದರು. ತೂತಿಗೆ ಟಾರ್ಚ್ ಬಿಟ್ಟು ನೋಡಿದೆ. ದೊಡ್ಡಕ್ಷರದಲ್ಲಿ ಸ್ಟ್ರಾಡಿವೇರಿಯಸ್ ಅಂತಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ 'ಮೇಡ್ ಇನ್ ಜರ್ಮನಿ' ಅಂತಲೂ ಇತ್ತು. ತೋರಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಜರ್ಮನಿಗೆ ಹೋಗಿದ್ದಾಗ ಮಾಡಿರಬಹುದಲ್ವಾ?" ಅಂದರು.

ನನಗೆ ಈ ವಿದ್ಯೆ ಹೇಳಿಕೊಡುವ ಮೇಷ್ಟ್ರು ಇರೋದು ಹಾಸನದಲ್ಲಿ. ಬೇಲೂರಿನ ಮೇಲೆ ಬಸ್ಸು ಹಿಡಿದು ಹೋಗುತ್ತೇನೆ. ಹಾಸನ ಜಿಲ್ಲೆಯಲ್ಲಿ ಈ ಕಸುಬಿಗೆ ಗಿರಾಕಿಗಳ ಕೊರತೆಯಿಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಗೊತ್ತಲ್ಲ, ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಅವರ ಊರು. ಅಲ್ಲಿ ದೇವಸ್ಥಾನವನ್ನೇ ತಂಬೂರಿ ಆಕಾರದಲ್ಲಿ ಕಟ್ಟಿದ್ದಾರೆ. ಹಾಗಾಗಿ ಮೇಷ್ಟ್ರ ಅಂಗಡಿಯಲ್ಲಿ ಕಾಲಿಟ್ಟರೆ ಹಲಸಿನ ಮರದ ತಂಬೂರಿ, ಮೇಣ ಕಿತ್ತ ವೀಣೆ, ಕುತ್ತಿಗೆ ಮುರಿದ ಪಿಟೀಲು. ನಾಯಿಗೆ ಸಹ ಮಲಗೋಕೆ ಜಾಗ ಇಲ್ಲ. ಅದು ವೀಣೆಯ ಪೆಟ್ಟಿಗೆಯಲ್ಲಿ ಮಲಗುತ್ತದೆ.

ಮೊದಲ ಪಾಠ ಕಡ್ಡಿಯದ್ದು. ಪಿಟೀಲಿನ ಹೊಟ್ಟೆಯೊಳಗೆ ಆರು ಮಿಲಿಮೀಟರ್ ದಪ್ಪದ ಒಂದು ಸ್ಪ್ರೂಸ್ ಕಡ್ಡಿ ನಿಂತಿರುತ್ತದೆ. ಸೌಂಡ್ ಪೋಸ್ಟ್ ಅಂತಾರೆ. ತಂತಿಗಳನ್ನು ಹೊತ್ತ ಕುದುರೆಯ ಬಲಗಾಲಿನ ಸ್ವಲ್ಪ ಹಿಂದೆ ಅದರ ಜಾಗ. ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ಸುಮ್ನೆ ಬಿಗಿಯಾಗಿ ನಿಂತಿರುತ್ತದೆ, ಗೋಂದಿಲ್ಲ, ಮೊಳೆಯಿಲ್ಲ. ಕುದುರೆಗೂ ಅಷ್ಟೇ, ತಂತಿಯ ಒತ್ತಡವೊಂದೇ ಆಧಾರ. ಇಡೀ ವಾದ್ಯದಲ್ಲಿ ದನಿಯನ್ನು ನಿರ್ಧರಿಸುವ ಎರಡು ತುಂಡುಗಳನ್ನೂ ಹೀಗೆ ದೇವರ ಮೇಲೆ ಭಾರ ಹಾಕಿ ನಿಲ್ಲಿಸಿದ್ದಾರೆ. ಕಡ್ಡಿಯನ್ನು ಅರ್ಧ ಮಿಲಿಮೀಟರ್ ಸರಿಸಿದರೆ ದನಿ ಬದಲಾಗುತ್ತದೆ. ಸಾಮಾನ್ಯವಾಗಿ ಕುದುರೆಯ ಹತ್ತಿರ ತಂದರೆ ಬಿಗಿ, ದೂರ ಸರಿಸಿದರೆ ಸಡಿಲ. ಆದರೆ 'ಸಾಮಾನ್ಯವಾಗಿ' ಅನ್ನುವ ಮಾತಿಗೆ ಒಪ್ಪುವ ಪಿಟೀಲನ್ನು ನಾನಿನ್ನೂ ನೋಡಿಲ್ಲ.

ಎಲ್ಲ ತಂತಿಗಳನ್ನೂ ಒಟ್ಟಿಗೆ ಸಡಿಲಿಸಿದರೆ ಕಡ್ಡಿ ಬಿದ್ದುಬಿಡಬಹುದು. ಇದು ಈ ಕಸುಬಿನವರಿಗೆಲ್ಲ ಗೊತ್ತು. ಸೋದರಮಾವಂದಿರಿಗೆ ಗೊತ್ತಿಲ್ಲ. ಅರಸೀಕೆರೆಯ ಹುಡುಗಿಯೊಬ್ಬಳು ಪರೀಕ್ಷೆಗೆ ಮೊದಲು ಪಿಟೀಲು ತೋರಿಸೋಕೆ ಬಂದಳು. ಜೊತೆಗೆ ಮಾವ. ಬಸ್ಸಿನಲ್ಲಿ ತಂತಿ ಕಡಿದುಹೋದೀತು ಅಂತ ಪುಣ್ಯಾತ್ಮರು ಮನೆಯಲ್ಲೇ ನಾಲ್ಕೂ ಬಿರಡೆ ತಿರುಗಿಸಿ ಸಡಿಲ ಮಾಡಿದ್ದರು. ಕುದುರೆ ಅಡ್ಡ ಮಲಗಿತ್ತು. ಒಳಗೆ ಕಡ್ಡಿ ಲೊಡಲೊಡ ಅನ್ನುತ್ತಿತ್ತು. "ಅದೇನು ಶಬ್ದ?" ಅಂತ ಮಾವನೇ ಕೇಳಿದರು. ಮೇಷ್ಟ್ರು, "ನೀವು ಮಾಡಿದ ಉಪಕಾರ" ಅಂದರು.

ಬಿದ್ದ ಕಡ್ಡಿಯನ್ನು ಎತ್ತಿ ನಿಲ್ಲಿಸೋದು ನೋಡುವವರಿಗೆ ಮನರಂಜನೆ. ಇಂಗ್ಲಿಷಿನ ಎಸ್ ಅಕ್ಷರದ ಆಕಾರದ ಒಂದು ಉಕ್ಕಿನ ಸಲಕರಣೆ ಇರುತ್ತದೆ. ಅದರ ಚೂಪು ತುದಿಗೆ ಕಡ್ಡಿಯನ್ನು ಚುಚ್ಚಿ, ಎಫ್ ಆಕಾರದ ತೂತಿನಿಂದ ಒಳಗೆ ಬಿಟ್ಟು, ತಲೆ ಮೇಲೆ ಕಾಲು ಕೆಳಗೆ ಬರುವಂತೆ ನಿಲ್ಲಿಸಿ, ಮೆಲ್ಲಗೆ ಸಲಕರಣೆ ಬಿಡಿಸಿಕೊಳ್ಳಬೇಕು. ಬೀಗ ಹಾಕಿದ ಮನೆಯ ಕಿಟಕಿಯಿಂದ ಕೈ ತೂರಿಸಿ ಬಾಗಿಲ ಚಿಲಕ ತೆಗೆದ ಹಾಗೆ. ಕಡ್ಡಿ ನೇರ ನಿಂತಿದೆಯೋ ಅಂತ ನೋಡೋಕೆ ಪಿಟೀಲಿನ ಬುಡದ ಗುಂಡಿ ಕಿತ್ತು ಆ ತೂತಿಗೆ ಕಣ್ಣಿಡಬೇಕು. ಮೇಷ್ಟ್ರು ಅದನ್ನು ಉಸಿರು ಬಿಡುವಷ್ಟರಲ್ಲಿ ಮಾಡಿ ಮುಗಿಸುತ್ತಾರೆ. ನಾನು ಮಾಡುವಾಗ ಅಂಗಡಿಗೆ ಬಂದವರೆಲ್ಲ ಕುರ್ಚಿ ಎಳೆದುಕೊಂಡು ಕೂರುತ್ತಾರೆ. "ಎಡಕ್ಕೆ, ಎಡಕ್ಕೆ" ಅಂತ ಸಲಹೆ ಬೇರೆ. ಪಕ್ಕದ ಝೆರಾಕ್ಸ್ ಅಂಗಡಿಯವನಿಗಂತೂ ಈಗ ಸೌಂಡ್ ಪೋಸ್ಟ್ ವಿಷಯದಲ್ಲಿ ನನಗಿಂತ ಜಾಸ್ತಿ ಗೊತ್ತು.

ಹಳೇ ಪಿಟೀಲಿನ ಒಳಗೆ ದೂಳು ಉಂಡೆ ಕಟ್ಟಿರುತ್ತದೆ. ಅದನ್ನು ತೆಗೆಯೋಕೆ ಯುರೋಪಿನಲ್ಲೂ ಉಪಯೋಗಿಸೋದು ಅಕ್ಕಿಯನ್ನೇ. ಒಂದು ಹಿಡಿ ಒಳಗೆ ಸುರಿದು, ಚೆನ್ನಾಗಿ ಅಲ್ಲಾಡಿಸಿ, ಬೋರಲು ಹಾಕಿದರೆ ಅಕ್ಕಿಯ ಜೊತೆ ದೂಳೂ ಬರುತ್ತದೆ. ಮನೆಯಲ್ಲಿ ಒಂದು ಪಿಟೀಲಿಗೆ ಈ ಸ್ನಾನ ಮಾಡಿಸುತ್ತಿದ್ದಾಗ ಅಮ್ಮ ಬಂದಳು. ಅಕ್ಕಿ ನೋಡಿದಳು. ಹೊಳೆನರಸೀಪುರದಿಂದ ತರಿಸಿದ್ದ ರಾಜಮುಡಿ.

"ರೇಷನ್ ಅಕ್ಕಿ ಹಾಕಿದ್ರೆ ಪಿಟೀಲು ಬೇಡ ಅಂತಿತ್ತಾ?"

ಉತ್ತರಕ್ಕೆ ಕಾಯದೆ ಎಲ್ಲವನ್ನೂ ಮೊರಕ್ಕೆ ಬಾಚಿಕೊಂಡು ಕೇರಿ, ತೊಳೆದು, ಕುಕ್ಕರಿಗೆ ಇಟ್ಟಳು. ಅವತ್ತಿನ ಅನ್ನದಲ್ಲಿ ನನಗೆ ಕಮಾನಿಗೆ ಹಚ್ಚುವ ರಾಳದ ವಾಸನೆ ಬಂತು. ಅಮ್ಮನಿಗೆ ಬರಲಿಲ್ಲವಂತೆ. ಒಳಗೇ ಸಿಕ್ಕಿಕೊಂಡ ಎರಡು ಕಾಳು ಮಾತ್ರ ಆಮೇಲೆ ತಾರಸ್ಥಾಯಿಯಲ್ಲಿ ತಾಳ ಹಾಕುತ್ತಿದ್ದವು.

ಅಮ್ಮನಿಗೂ ಈ ವಿದ್ಯೆಗೂ ಮೊದಲಿಂದಲೂ ಅಷ್ಟಕ್ಕಷ್ಟೆ. ಸರೇಸಿನ ವಾಸನೆ ಒಂದು ಕಾರಣ. ಪಿಟೀಲಿನ ಹಲಗೆಗಳನ್ನು ಅಂಟಿಸೋದು ಚರ್ಮದಿಂದ ಮಾಡಿದ ಸರೇಸಿನಲ್ಲೇ. ಈಗಿನ ಗಟ್ಟಿ ಗೋಂದು ಬೇಕಾದಷ್ಟಿದೆ, ಆದರೆ ಗಟ್ಟಿಯಾಗಿರೋದೇ ಅದರ ದೋಷ. ಮರ ಹಿಗ್ಗಿ ಕುಗ್ಗಿದಾಗ ಸರೇಸಾದರೆ ತಾನು ಬಿಟ್ಟುಕೊಟ್ಟು ಮರವನ್ನು ಉಳಿಸುತ್ತದೆ, ಮತ್ತೆ ಬಿಸಿ ಮಾಡಿ ಅಂಟಿಸಬಹುದು. ನಮ್ಮ ಮಲೆನಾಡಿನ ಜುಲೈನಲ್ಲಿ ಅದು ಸ್ವಲ್ಪ ಜಾಸ್ತಿಯೇ ಬಿಟ್ಟುಕೊಡುತ್ತದೆ. ಆ ತಿಂಗಳು ಅಂಚು ಬಾಯಿ ಬಿಟ್ಟ ಪಿಟೀಲುಗಳು ಸಾಲುಗಟ್ಟುತ್ತವೆ. ಬಿರಡೆಗಳು ಉಬ್ಬಿ ಅಲ್ಲಾಡದೆ ಕೂರುತ್ತವೆ. ಅವೇ ಬಿರಡೆಗಳು ಫೆಬ್ರವರಿಯಲ್ಲಿ ಒಣಗಿ, ಕಛೇರಿಯ ನಡುವೆ ಸರ್ರಂತ ಬಿಟ್ಟುಕೊಳ್ಳುತ್ತವೆ. ಸೀಮೆಸುಣ್ಣ, ಸೋಪು ಹಚ್ಚಿ ಸಮಾಧಾನ ಮಾಡಬೇಕು.

ಇನ್ನೊಂದು ಕಾರಣ ಟೀ ಪುಡಿ. ಪಿಟೀಲಿನ ಹಲಗೆ ಕೆತ್ತುವಾಗ ಎಲ್ಲಿ ದಪ್ಪ ಜಾಸ್ತಿಯಾಯಿತು ಅಂತ ತಿಳಿಯೋಕೆ ಒಂದು ದಾರಿಯಿದೆ. ಜರ್ಮನಿಯ ಅರ್ನ್‌ಸ್ಟ್ ಕ್ಲಾಡ್ನಿ ಲೋಹದ ತಗಡಿನ ಮೇಲೆ ಮರಳು ಉದುರಿಸಿ, ಅಂಚಿಗೆ ಕಮಾನು ಎಳೆದು, ಮರಳು ತಾನಾಗೇ ರಂಗೋಲಿ ಹಾಕೋದನ್ನು 1787ರ ತನ್ನ ಪುಸ್ತಕದಲ್ಲಿ ತೋರಿಸಿದ. ಕಂಪಿಸುವ ಕಡೆಯಿಂದ ಪುಡಿ ಎಗರಿ ಅಲುಗದ ಗೆರೆಗಳ ಮೇಲೆ ಕೂರುತ್ತದೆ. ಅಮೆರಿಕದ ಶಾಲಾ ಟೀಚರ್ ಆಗಿದ್ದ ಕಾರ್ಲೀನ್ ಹಚಿನ್ಸ್ ಇದನ್ನು ಪಿಟೀಲಿನ ಹಲಗೆಗೆ ಬಳಸಿ ಹೆಸರಾದರು. ಈಗ ಕಸುಬಿನವರು ಕೆಳಗೊಂದು ಸ್ಪೀಕರ್ ಇಟ್ಟು, ಮೇಲೆ ಟೀ ಪುಡಿ ಉದುರಿಸುತ್ತಾರೆ.

ನಮ್ಮ ಮನೆಯಲ್ಲಿ ಟೀ ಎಲ್ಲಿಂದ ಬರಬೇಕು? ಫಿಲ್ಟರ್ ಕಾಫಿ ಪುಡಿಯನ್ನೇ ಹಾಕಿ ನೋಡಿದ್ದಾಯ್ತು. ಮಳೆಗಾಲದ ತೇವಕ್ಕೆ ಅದು ಬಿದ್ದ ಕಡೆಯೇ ಅಂಟಿಕೊಂಡಿತು, ಅಲ್ಲಾಡಲಿಲ್ಲ. ಕೊನೆಗೆ ಒಂದು ಪೊಟ್ಟಣ ಟೀ ಪುಡಿ ತಂದೆ. ಬಾಬಾ ಬುಡನ್ ಏಳು ಬೀಜ ತಂದು ನೆಟ್ಟರು ಅನ್ನುವ ಊರಿನಲ್ಲಿ, ಬೆಟ್ಟ ಕಾಣುವ ಮನೆಯಲ್ಲಿ, ಅಡುಗೆ ಕಟ್ಟೆಯ ಮೇಲೆ ಟೀ ಪೊಟ್ಟಣ. ಅವತ್ತೇ ದೊಡ್ಡಮ್ಮ ಬರಬೇಕೆ? "ಯಾರಿಗೆ ಹುಷಾರಿಲ್ಲ?" ಅಂತ ಕೇಳಿದರು. ಪಿಟೀಲಿಗೆ ಅಂತ ಅಮ್ಮ ಹೇಳಿದಳು. ಆಮೇಲೆ ದೊಡ್ಡಮ್ಮ ನನ್ನನ್ನು ನೋಡುವ ರೀತಿಯೇ ಬದಲಾಯಿತು.

ಇಷ್ಟೆಲ್ಲ ಆದ ಮೇಲೂ ಮರ, ಅಂಟು, ಕಡ್ಡಿ ಇವೆಲ್ಲ ಸುಲಭದ ಭಾಗ. ಕಷ್ಟವಿರೋದು ಗಿರಾಕಿಯ ಕಿವಿಯಲ್ಲಿ. "ದನಿ ಸ್ವಲ್ಪ ಮೂಗಲ್ಲಿ ಬರ್ತಿದೆ." "ಗಂಟಲು ಕಟ್ಟಿದೆ." "ಮೊನ್ನೆ ತನಕ ಚೆನ್ನಾಗಿತ್ತು, ಈಗ ಬೇಜಾರಿನಲ್ಲಿದೆ." ಇದನ್ನೆಲ್ಲ ಮಿಲಿಮೀಟರಿಗೆ ಇಳಿಸಬೇಕು. ಹೊಳೆನರಸೀಪುರದ ಒಬ್ಬ ವಿದ್ವಾಂಸರಿಗೆ ಏನು ಮಾಡಿದರೂ ಸಮಾಧಾನವಿರಲಿಲ್ಲ. ಮೇಷ್ಟ್ರು ಪಿಟೀಲನ್ನು ಒಳಕೋಣೆಗೆ ತೆಗೆದುಕೊಂಡು ಹೋದರು. ಕಾಫಿ ಕುಡಿದರು. ನಾಯಿಗೆ ಬಿಸ್ಕತ್ತು ಹಾಕಿದರು. ಪಿಟೀಲನ್ನು ಮುಟ್ಟದೆ ಹಾಗೇ ತಂದು ಕೊಟ್ಟರು. ವಿದ್ವಾಂಸರು ಕಮಾನು ಎಳೆದು ಕಣ್ಣು ಮುಚ್ಚಿದರು. "ಈಗ ಬಂತು ನೋಡಿ!"

ನಗುವ ಹಾಗಿಲ್ಲ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನ ಹೋಟೆಲ್ ಕೋಣೆಯೊಂದರಲ್ಲಿ 21 ಜನ ಪಿಟೀಲುಗಾರರಿಗೆ ವೆಲ್ಡಿಂಗ್ ಕನ್ನಡಕ ಹಾಕಿಸಿ, ಹಳೇ ಮರದ ವಾಸನೆ ಗೊತ್ತಾಗದಿರಲಿ ಅಂತ ಗದ್ದದ ಹಲಗೆಗೆ ಸೆಂಟು ಬಳಿದು, ಆರು ಪಿಟೀಲು ಕೊಟ್ಟರು. ಮೂರು ಹೊಸವು, ಮೂರು ಹಳೇ ಇಟಲಿಯವು. ಜಾಸ್ತಿ ಜನ ಮೆಚ್ಚಿದ್ದು ಹೊಸದೊಂದನ್ನು. ಎಲ್ಲಕ್ಕಿಂತ ಕಡಿಮೆ ಮೆಚ್ಚಿದ್ದು ಒಂದು ಸ್ಟ್ರಾಡಿವರಿಯನ್ನು. ಇದನ್ನು ಮೂಡಿಗೆರೆಯ ಯಜಮಾನರಿಗೆ ಹೇಳಿದೆ. "ಹಾಗಾದ್ರೆ ನಮ್ಮದೂ ಚೆನ್ನಾಗಿಲ್ಲ ಅಂದ್ರೆ, ಅದು ಸ್ಟ್ರಾಡಿವರಿ ಇರಲೂಬಹುದು" ಅಂದರು.

ಎಲ್ಲಕ್ಕಿಂತ ನಮ್ಮನ್ನು ಸುಸ್ತು ಮಾಡಿದ್ದು ಸಕಲೇಶಪುರದ ಪಿಟೀಲು. ನುಡಿಸುವಾಗ ಜಿರ್ ಅನ್ನುತ್ತದೆ ಅಂತ ದೂರು. ಜಿರ್ ಅನ್ನೋಕೆ ಪಿಟೀಲಿಗೆ ನೂರು ಕಾರಣವಿರುತ್ತವೆ. ಬೆರಳಿನಿಂದ ಅಂಚು ಪೂರ್ತಿ ಕುಟ್ಟಿ ನೋಡಿದೆವು, ಎಲ್ಲೂ ಬಿಟ್ಟಿರಲಿಲ್ಲ. ಶ್ರುತಿ ತಿರುಪು, ಗದ್ದದ ಹಲಗೆಯ ಕ್ಲಾಂಪು, ತಂತಿ ಕೂರುವ ಕಚ್ಚು, ಒಳಗಿನ ಚೀಟಿ ಎಲ್ಲ ಬಿಗಿ. ಅಂಗಡಿಯಲ್ಲಿ ನುಡಿಸಿದರೆ ಗಂಟೆಯಷ್ಟು ಶುದ್ಧ. ಮನೆಗೆ ಹೋದ ಕೂಡಲೇ ಫೋನು. "ಮತ್ತೆ ಜಿರ್ ಅಂತಿದೆ. ಅದೂ ಮೋಹನ ನುಡಿಸಿದರೆ ಮಾತ್ರ. ಹಿಂದೋಳಕ್ಕೆ ಏನೂ ಇಲ್ಲ."

ಮೇಷ್ಟ್ರು ಫೋನು ಇಟ್ಟು ನನ್ನ ಮುಖ ನೋಡಿದರು. ಎರಡೂ ಐದೇ ಸ್ವರದ ರಾಗ. ಮೋಹನದಲ್ಲಿರೋದು ಅಂತರ ಗಾಂಧಾರ, ಹಿಂದೋಳದಲ್ಲಿ ಸಾಧಾರಣ ಗಾಂಧಾರ. ಅಂದರೆ ಬಹುಶಃ ಆ ಒಂದು ಸ್ವರಕ್ಕೆ ಏನೋ ಅದುರುತ್ತಿದೆ, ಮತ್ತು ಅದು ಸಕಲೇಶಪುರದಲ್ಲಿದೆ. "ಹೋಗಿ ನೋಡ್ಕೊಂಡು ಬಾ" ಅಂದರು.

ಹೋದೆ. ಆ ಮನೆಯಾಕೆ ಹಾಲಿನಲ್ಲಿ ಕೂತು, ಪಿಟೀಲಿನ ತಲೆಯನ್ನು ಪಾದದ ಮೇಲಿಟ್ಟುಕೊಂಡು, ದಪ್ಪ ತಂತಿಯ ಮೇಲೆ ಗಾಂಧಾರ ಹಿಡಿದರು. ಜಿರ್. ನಾನು ಒಂದೊಂದೇ ಸಾಮಾನಿಗೆ ಕಿವಿಯಿಟ್ಟುಕೊಂಡು ಹೊರಟೆ. ಶೋಕೇಸು, ಸ್ಟೀಲ್ ಲೋಟ, ಕಿಟಕಿ, ಫ್ರಿಜ್ಜು. ಕೊನೆಗೆ ಗೋಡೆಯ ಮೇಲೆ ಗಂಧದ ಹಾರ ಹಾಕಿದ್ದ ಹಿರಿಯರ ಫೋಟೋ. ಚೌಕಟ್ಟಿನ ಗಾಜು ಒಂದು ಮೂಲೆಯಲ್ಲಿ ಸಡಿಲಾಗಿತ್ತು. ಬೆರಳಿಟ್ಟು ಒತ್ತಿದೆ, ಜಿರ್ ನಿಂತಿತು. ಬೆರಳು ತೆಗೆದೆ, ಮತ್ತೆ ಶುರು.

ಆಕೆ ಕಮಾನು ಕೆಳಗಿಟ್ಟರು. "ನಮ್ಮ ಮಾವನವರು. ಇದ್ದಾಗಲೂ ಅವರಿಗೆ ಸಂಗೀತ ಆಗ್ತಿರಲಿಲ್ಲ."

ಊದುಬತ್ತಿ ಪೆಟ್ಟಿಗೆಯ ರಟ್ಟು ಮಡಚಿ ಚೌಕಟ್ಟಿನ ಹಿಂದೆ ತುರುಕಿದೆ. ಮೋಹನ ಸರಾಗವಾಗಿ ಹರಿಯಿತು. ಆಕೆ ಎಷ್ಟಾಯ್ತು ಅಂದರು. ಪಿಟೀಲನ್ನು ಮುಟ್ಟಿಯೇ ಇಲ್ಲ, ಏನಂತ ಕೇಳಲಿ? ಹೊರಗೆ ಬಂದು ಮೇಷ್ಟ್ರಿಗೆ ಫೋನು ಮಾಡಿದೆ.

"ಬಸ್ ಚಾರ್ಜು, ಅರ್ಧ ದಿನದ ಕೂಲಿ ತಗೋ" ಅಂದರು.

"ಬಿಲ್ಲಿನಲ್ಲಿ ಏನಂತ ಬರೀಲಿ ಮೇಷ್ಟ್ರೇ?"

"ಸೌಂಡ್ ಅಡ್ಜಸ್ಟ್‌ಮೆಂಟ್ ಅಂತ ಬರಿ. ಸುಳ್ಳೇನಲ್ವಲ್ಲ."