ಹಿಂದಕ್ಕೆ ಹರಿಯುವ ನದಿ, ಹಲಗೆ ಹಿಡಿದವರ ಪಾಡು

ಸಮುದ್ರದಲ್ಲಿ ಸರ್ಫಿಂಗ್ ಮಾಡುವವರಿಗೆ ಒಂದು ಅಲೆ ಕೈತಪ್ಪಿದರೆ ತಲೆಬಿಸಿ ಇಲ್ಲ, ಬೆನ್ನಿಗೇ ಇನ್ನೊಂದು ಬಂದಿರುತ್ತದೆ. ನದಿಯಲ್ಲಿ ಬೋರ್ ಅಲೆ ಹಿಡಿಯಲು ಹೊರಟವರ ಪಾಡು ಬೇರೆ. ಇಂಗ್ಲೆಂಡಿನ ಸೆವರ್ನ್ ನದಿಯೊಳಗೆ ಭರತದ ನೀರು ಒಟ್ಟಾಗಿ ಎದ್ದು, ಹರಿವಿಗೆ ಎದುರಾಗಿ ನುಗ್ಗುವ ಈ ಬೋರ್ ಬರುವುದು ಒಂದು ಭರತಕ್ಕೆ ಒಂದೇ ಸಲ. ಬೆಳಗಿನದು ತಪ್ಪಿತೋ, ಮುಂದಿನದು ಸುಮಾರು 12 ಗಂಟೆ 25 ನಿಮಿಷ ಬಿಟ್ಟು, ರಾತ್ರಿಯ ಕತ್ತಲಲ್ಲಿ. ಘಟ್ಟದ ಮೇಲಿನ ಹಳ್ಳಿಗೆ ಹೋಗುವ ಕೊನೆಯ ಬಸ್ಸಿನ ಹಾಗೆ. ಈ ಆಟದ ಎಡವಟ್ಟುಗಳಲ್ಲಿ ಮುಕ್ಕಾಲು ಪಾಲು ನಡೆಯುವುದು ದಡದ ಮೇಲೇ.

ಎಲ್ಲ ನದಿಗೂ ಬೋರ್ ಬರುವುದಿಲ್ಲ. ಭರತಕ್ಕೂ ಇಳಿತಕ್ಕೂ ನಡುವೆ ನೀರಿನ ಮಟ್ಟ ಸಾಮಾನ್ಯವಾಗಿ ಐದಾರು ಮೀಟರಾದರೂ ಏರಿಳಿಯಬೇಕು, ಅಳಿವೆ ಆಲಿಕೆಯಂತೆ ಕಿರಿದಾಗುತ್ತ ಹೋಗಬೇಕು, ನದಿಯ ತಳ ಆಳವಿರಬಾರದು. ಸೆವರ್ನ್ ಅಳಿವೆಯಲ್ಲಿ ಈ ಏರಿಳಿತ ದೊಡ್ಡ ದಿನಗಳಲ್ಲಿ 14 ಮೀಟರ್ ದಾಟುತ್ತದೆ. ಅಷ್ಟು ನೀರಿಗೆ ಮುಂದೆ ಜಾಗವೇ ಸಾಲದೆ ಅದರ ಮುಂಚೂಣಿ ಮೆಟ್ಟಿಲಿನಂತೆ ಎದ್ದು ನಿಲ್ಲುತ್ತದೆ. ನಮ್ಮ ಮಂಗಳೂರು ಕಡೆ ಏರಿಳಿತ ಒಂದೂವರೆ ಮೀಟರಿನ ಆಸುಪಾಸು. ಹಾಗಾಗಿ ಸಸಿಹಿತ್ಲುವಿನಲ್ಲಿ ಹಲಗೆ ಹಿಡಿದವರು ಕಡಲಿನ ಕಡೆಗೇ ಮುಖ ಮಾಡಬೇಕು. ಬೆನ್ನ ಹಿಂದಿನ ಶಾಂಭವಿ, ನಂದಿನಿ ಎಷ್ಟು ಕಾದರೂ ಏಳುವುದಿಲ್ಲ. ದೇಶದೊಳಗೆ ನೋಡಲೇಬೇಕೆಂದರೆ ಬಂಗಾಳದ ಹೂಗ್ಲಿ ಇದೆ. ಅಲ್ಲಿ ಬೋರ್ ಬರುವ ಸುದ್ದಿ ಸಿಕ್ಕರೆ ದಡದ ದೋಣಿಗಳೆಲ್ಲ ನಡುನೀರಿಗೆ ಸರಿದು ನಿಲ್ಲುತ್ತವೆ.

ಮೊದಲ ಎಡವಟ್ಟು ಕ್ಯಾಲೆಂಡರಿನದು. ಸೆವರ್ನ್‌ನಲ್ಲಿ ವರ್ಷಕ್ಕೆ ಸುಮಾರು 130 ದಿನ ಬೋರ್ ಬರುತ್ತದಾದರೂ ಸವಾರಿಗೆ ಯೋಗ್ಯವಾದವು ಕಡಿಮೆ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದರಿಂದ ಮೂರು ದಿನ, ಅದರಲ್ಲೂ ಫೆಬ್ರವರಿಯಿಂದ ಏಪ್ರಿಲ್, ಆಗಸ್ಟಿನಿಂದ ಅಕ್ಟೋಬರ್ ಒಳ್ಳೆಯ ಕಾಲ. ಹುಣ್ಣಿಮೆಯ ದಿನವೇ ಹೋಗಿ ನಿಂತವರಿಗೆ ಸಿಗುವುದು ಮೊಣಕಾಲೆತ್ತರದ ಸುಕ್ಕು. ಎತ್ತರದ ಅಂದಾಜಿಗೆ ಒಂದರಿಂದ ಐದು ನಕ್ಷತ್ರ ಕೊಡುತ್ತಾರೆ. ಐದು ನಕ್ಷತ್ರ ಕಂಡರೆ ಊರಿಗೆ ಊರೇ ಹಲಗೆ, ಕಯಾಕು, ಮೋಟಾರು ದೋಣಿ ಸಮೇತ ಇಳಿಯುತ್ತದೆ. ಹೊಸಬರಿಗೆ ಮೂರು ನಕ್ಷತ್ರದ ದಿನವೇ ವಾಸಿ; ಅಲೆ ಗಿಡ್ಡ, ಆದರೆ ಪಕ್ಕದವನ ಹಲಗೆ ಮೂಗಿಗೆ ಬಡಿಯುವುದಿಲ್ಲ.

ಎರಡನೆಯದು ಗಡಿಯಾರದ್ದು. ಮಾರ್ಚ್ ಕೊನೆಯ ಭಾನುವಾರ ಬ್ರಿಟನ್ನಿನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಒಳ್ಳೆಯ ಬೋರ್‌ಗಳೂ ಆ ದಿನಗಳ ಆಚೀಚೆಯೇ. ಬೋರ್ ಬರುವ ಹೊತ್ತು ತಿಳಿಸುವ ಕೆಲವು ಪಟ್ಟಿಗಳು ಗ್ರೀನಿಚ್ ಸಮಯದಲ್ಲಿರುತ್ತವೆ, ಕೆಲವು ತಿದ್ದಿಕೊಂಡೇ ಬಂದಿರುತ್ತವೆ. ಒಂದು ಗಂಟೆ ಕೂಡಿಸಲು ಮರೆತವರು ಚಳಿಯಲ್ಲಿ ಒಂದು ಗಂಟೆ ನಡುಗುತ್ತಾರೆ, ಅಷ್ಟೇ. ಕೂಡಿಸಿದ ಪಟ್ಟಿಗೆ ಮತ್ತೊಮ್ಮೆ ಕೂಡಿಸಿದವರು ಬರುವ ಹೊತ್ತಿಗೆ ಉಳಿದವರು ಟವಲು ಹಿಂಡುತ್ತಿರುತ್ತಾರೆ. ಪಟ್ಟಿ ಸರಿಯಿದ್ದರೂ ಅಲೆಗೆ ಅದರ ಹಂಗಿಲ್ಲ. ನೈಋತ್ಯದ ಗಾಳಿ ಜೋರಾಗಿದ್ದರೆ ಬೇಗ ಬರುತ್ತದೆ. ಮೇಲೆ ಮಳೆಯಾಗಿ ನದಿ ತುಂಬಿದ್ದರೆ ತಡವಾಗಿ, ಕುಗ್ಗಿ ಬರುತ್ತದೆ. ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ನೀರಿನಲ್ಲಿರುವುದು ಕ್ಷೇಮ.

ಹಲಗೆ ಉದ್ದವಿರಲಿ, ಒಂಬತ್ತು ಅಡಿಗೆ ಕಡಿಮೆ ಬೇಡ. ನದಿ ನೀರು ಉಪ್ಪುನೀರಿನಷ್ಟು ಎತ್ತಿ ಹಿಡಿಯುವುದಿಲ್ಲ, ಅಲೆಯ ಮುಖವೂ ಚಪ್ಪಟೆ. ಕಡಲಿನಲ್ಲಿ ಚುರುಕಾಗಿ ತಿರುಗುವ ಆರಡಿಯ ಗಿಡ್ಡ ಹಲಗೆ ಇಲ್ಲಿ ಮುಳುಗುವ ಮಣೆ. ಮಾರ್ಚಿನ ನೀರಿಗೆ ಐದು ಮಿಲಿಮೀಟರ್ ದಪ್ಪದ ವೆಟ್‌ಸೂಟ್ ಬೇಕು, ಜೊತೆಗೆ ರಬ್ಬರ್ ಬೂಟು. ಬೂಟು ಕಾಲಿಗೆ ಬಿಗಿಯಾಗಿರಬೇಕು. ಸಡಿಲವಾದರೆ ಕೆಸರು ಒಂದನ್ನು ಇಟ್ಟುಕೊಂಡು ನಿಮ್ಮನ್ನು ಮಾತ್ರ ಬಿಟ್ಟುಕೊಡುತ್ತದೆ. ಹಲಗೆಯನ್ನು ಕಾಲಿಗೆ ಕಟ್ಟುವ ಲೀಶ್ ಬಗ್ಗೆ ಬಲ್ಲವರಲ್ಲೇ ಜಗಳವಿದೆ. ಕಟ್ಟದಿದ್ದರೆ ಹಲಗೆ ಗ್ಲಾಸ್ಟರ್ ಊರು ನೋಡಲು ಒಂಟಿಯಾಗಿ ಹೋಗುತ್ತದೆ. ಕಟ್ಟಿದರೆ ಮುಳುಗಿದ ಕೊಂಬೆಗೆ ಸಿಕ್ಕಿಕೊಂಡು ಮೇಲೇಳಲು ಬಿಡುವುದಿಲ್ಲ. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಪಟ್ಟಿ ಇರುವ ಲೀಶ್ ಮಾತ್ರ ಕಟ್ಟಬಹುದು. ಎಳೆಯಬೇಕಾದ ತುದಿ ಎಲ್ಲಿದೆಯೆಂದು ಕಣ್ಣು ಮುಚ್ಚಿ ಹುಡುಕುವುದನ್ನು ದಡದಲ್ಲೇ ಅಭ್ಯಾಸ ಮಾಡಿಕೊಳ್ಳಬೇಕು.

ಇನ್ನು ಕಾಯುವ ಕೆಲಸ. ಅಲೆ ಬರುವ ತನಕ ನದಿ ಸಮುದ್ರದ ಕಡೆಗೇ ಹರಿಯುತ್ತಿರುತ್ತದೆ, ಅದೂ ಇಳಿತದ ಕೊನೆಯಲ್ಲಿ ಸಾಕಷ್ಟು ವೇಗವಾಗಿ. ಹಲಗೆಯ ಮೇಲೆ ಕುಳಿತು ಪಕ್ಕದವರ ಜೊತೆ ಹರಟುತ್ತಿದ್ದರೆ, ಹತ್ತು ನಿಮಿಷದ ಹಿಂದೆ ಎದುರಿಗಿದ್ದ ಚರ್ಚಿನ ಗೋಪುರ ಎಲ್ಲಿ ಹೋಯಿತು ಎನ್ನಬೇಕಾಗುತ್ತದೆ. ದಡದ ಒಂದು ಮರವನ್ನು ಗುರುತಿಟ್ಟುಕೊಂಡು ಅದರ ನೇರಕ್ಕೆ ನಿಲ್ಲುವಂತೆ ಕೈ ಆಡಿಸುತ್ತಿರಬೇಕು. ನ್ಯೂನ್‌ಹ್ಯಾಮ್ ಹತ್ತಿರ ಮರಳದಿಬ್ಬದ ಮೇಲೆ ನಡೆದು ಹೋಗಿ ನಿಲ್ಲುವವರೂ ಇದ್ದಾರೆ. ಆ ದಿಬ್ಬ ಕೆಲವೇ ನಿಮಿಷಗಳಲ್ಲಿ ನೀರಿನಡಿ ಹೋಗುತ್ತದೆ, ಹಾಗಾಗಿ ಬರೀ ಫೋಟೊ ತೆಗೆಯಲು ಅಲ್ಲಿಗೆ ಕಾಲಿಡಬಾರದು.

ಅಲೆ ಕಾಣುವ ಮೊದಲು ಸದ್ದು ಕೇಳುತ್ತದೆ. ವೇಗ ಗಂಟೆಗೆ ಸುಮಾರು 16 ಕಿಲೋಮೀಟರ್, ಸೈಕಲ್ ತುಳಿಯುವವನಷ್ಟು. ಹತ್ತಿಪ್ಪತ್ತು ಮೀಟರ್ ದೂರದಲ್ಲಿರುವಾಗಲೇ ಅದರ ದಿಕ್ಕಿಗೇ, ಅಂದರೆ ನದಿಯ ಮೇಲ್ಭಾಗಕ್ಕೆ ತಿರುಗಿ ಈಜಲು ಶುರು ಮಾಡಬೇಕು. ಹಲಗೆಯ ಹಿಂಭಾಗ ಮೇಲೆದ್ದ ಕೂಡಲೇ ಎದ್ದು ನಿಲ್ಲುವುದು ಕಡಲಿನವರ ಚಾಳಿ, ಬಿದ್ದುಹೋಗುವುದೂ ಅದಕ್ಕೇ. ಮಲಗಿಯೇ ಸ್ವಲ್ಪ ದೂರ ಹೋಗಿ, ಅಲೆ ನಿಮ್ಮನ್ನು ಖಚಿತವಾಗಿ ಹಿಡಿದುಕೊಂಡ ಮೇಲೆ ಏಳಿ. ನೋಡುವವರು ನಕ್ಕರೆ ನಗಲಿ, ಮುಂದಿನ ತಿರುವಿನಲ್ಲಿ ಅವರು ಇರುವುದಿಲ್ಲ.

ನೀರು ಆಳವಿದ್ದಲ್ಲಿ ಅಲೆ ಮಲಗುತ್ತದೆ, ದಿಬ್ಬ ಸಿಕ್ಕಲ್ಲಿ ಎದ್ದು ನೊರೆಯುಗುಳುತ್ತದೆ. ಪ್ರತಿ ತಿರುವಿನಲ್ಲೂ ಆಳದ ಜಾಗ ಒಂದು ದಡದಿಂದ ಇನ್ನೊಂದಕ್ಕೆ ಸರಿಯುವುದರಿಂದ ಸವಾರನೂ ಅಡ್ಡಕ್ಕೆ ದಾಟುತ್ತಲೇ ಇರಬೇಕು. ತಡಮಾಡಿದರೆ ಕೆಳಗಿನ ಅಲೆ ಸದ್ದಿಲ್ಲದೆ ಕರಗಿ, ಮೂವತ್ತು ಮೀಟರ್ ಮುಂದೆ ಬೇರೆಯವರ ಕಾಲಡಿ ಹುಟ್ಟಿರುತ್ತದೆ. ಸೆವರ್ನ್ ಮೇಲೆ ಮೊದಲು ಹಲಗೆ ಹಾಕಿದವರು 1955ರಲ್ಲಿ ಜ್ಯಾಕ್ ಚರ್ಚಿಲ್ ಎಂಬ ಸೇನಾಧಿಕಾರಿ. ಎರಡನೇ ಮಹಾಯುದ್ಧಕ್ಕೆ ಬಿಲ್ಲು-ಬಾಣ, ಕತ್ತಿ ಹಿಡಿದು ಹೋಗಿದ್ದ ಆಸಾಮಿಗೆ ಇದೇನು ಮಹಾ! 2006ರಲ್ಲಿ ಸ್ಟೀವ್ ಕಿಂಗ್ ಇದೇ ನದಿಯಲ್ಲಿ ಒಂದೇ ಅಲೆಯ ಮೇಲೆ 12 ಕಿಲೋಮೀಟರಿಗೂ ಹೆಚ್ಚು ದೂರ ಹೋದರು. ಅವರ ವೃತ್ತಿ ರೈಲ್ವೆಯಲ್ಲಿ. ಸಮಯಕ್ಕೆ ಸರಿಯಾಗಿ ಬಂದದ್ದನ್ನು ಬಿಡಬಾರದೆಂದು ಗೊತ್ತಿರಬೇಕು.

ಬಿದ್ದ ಮೇಲೆ ಏನು? ಅಲೆಯ ಹಿಂದೆ ನದಿ ಪೂರಾ ಮೇಲ್ಮುಖವಾಗಿ ಹರಿಯುತ್ತದೆ, ಮರದ ದಿಮ್ಮಿ, ಪ್ಲಾಸ್ಟಿಕ್ ಡ್ರಮ್ಮು, ಒಮ್ಮೊಮ್ಮೆ ಸತ್ತ ಕುರಿ ಸಮೇತ. ಬಾಯಿ ಮುಚ್ಚಿಕೊಂಡಿರಬೇಕು. ನಮ್ಮ ಕರಾವಳಿ, ಮಲೆನಾಡಿನವರಿಗೆ ಗೊತ್ತಿರುವ ಇಲಿ ಜ್ವರ ಆ ನೀರಿನಿಂದಲೂ ಬರಬಹುದು. ಒಂದೆರಡು ವಾರದಲ್ಲಿ ಜ್ವರ, ಮೈಕೈ ನೋವು ಕಂಡರೆ ಡಾಕ್ಟರಿಗೆ ನದಿಗೆ ಇಳಿದ ವಿಷಯವನ್ನೇ ಮೊದಲು ಹೇಳಬೇಕು. ಇನ್ನು ಯಾವ ದಡಕ್ಕೆ ಏರುತ್ತೀರಿ ಎಂಬುದು ನಿಮ್ಮ ಕೈಯಲ್ಲಿಲ್ಲ. ಕಾರು ಎಡದಂಡೆಯಲ್ಲಿದ್ದರೆ ಏರುವುದು ಬಲದಂಡೆಗೇ. ಅಲ್ಲಿ ಜಾರುವ ಕೆಸರಿನ ಗೋಡೆ, ಅದರ ಮೇಲೆ ತುರಿಕೆ ಗಿಡದ ಹಿಂಡು, ಆಚೆ ಯಾರದೋ ಹೊಲದ ಬೇಲಿ. ನಡುವೆ ಸೇತುವೆಯೇ ಇಲ್ಲ, ಸಿಗುವುದು ಗ್ಲಾಸ್ಟರ್ ಹತ್ತಿರ ಓವರ್ ಎಂಬಲ್ಲಿ. ಒಂಬತ್ತು ಅಡಿಯ ಹಲಗೆಯನ್ನು ಕಂಕುಳಲ್ಲಿ ಹಿಡಿದು ಗಾಳಿಗೆದುರಾಗಿ ನಡೆಯುವಾಗ ಗಿಡ್ಡ ಹಲಗೆಯವರ ಮೇಲೆ ಹೊಟ್ಟೆಕಿಚ್ಚಾಗುತ್ತದೆ.

ಬೇರೆ ದೇಶಗಳ ಎಡವಟ್ಟುಗಳು ಬೇರೆ. ಅಲಾಸ್ಕಾದ ಟರ್ನ್‌ಅಗೇನ್ ಆರ್ಮ್‌ನಲ್ಲಿ ನೀರು ಹಿಮದಷ್ಟು ತಣ್ಣಗೆ. ಹಿಮನದಿಗಳು ಅರೆದ ನುಣ್ಣನೆ ಹೂಳು ಕಾಲನ್ನು ಹಿಡಿದರೆ ಬಿಡದು, ಅಷ್ಟರಲ್ಲಿ ಭರತ ಬಂದಿರುತ್ತದೆ. ಚೀನಾದ ಚಿಯಾಂಟಾಂಗ್ ಬೋರ್ ಇವೆಲ್ಲದರ ಯಜಮಾನ, ಗಂಟೆಗೆ 40 ಕಿಲೋಮೀಟರ್ ಓಟ. ಚಾಂದ್ರಮಾನದ ಎಂಟನೇ ತಿಂಗಳ 18ನೇ ದಿನ ಅದನ್ನು ನೋಡಲು ಜಾತ್ರೆಯೇ ಸೇರುತ್ತದೆ. ಒಡ್ಡಿನ ಮೇಲೆ ನಿಂತು ನೋಡಿದವರನ್ನೇ ಅದು ಎಳೆದುಕೊಂಡು ಹೋದದ್ದುಂಟು. ಇಂಡೋನೇಷ್ಯಾದ ಕಂಪಾರ್ ನದಿ ಸ್ವಲ್ಪ ಕರುಣಾಳು: ನೀರು ಬೆಚ್ಚಗೆ, ಒಂದರ ಹಿಂದೊಂದು ಅಲೆ, ಮೊದಲನೆಯದು ತಪ್ಪಿದರೆ ಎರಡನೆಯದಿದೆ. ಆಸ್ಟ್ರೇಲಿಯಾದ ಜೇಮ್ಸ್ ಕಾಟನ್ 2016ರಲ್ಲಿ 17.2 ಕಿಲೋಮೀಟರ್ ಹೋದದ್ದು ಅಲ್ಲೇ. ಕರುಣೆಯ ಲೆಕ್ಕದಲ್ಲಿ ಮೊಸಳೆಗಳನ್ನು ಸೇರಿಸಿಲ್ಲ. ಬ್ರೆಜಿಲಿನ ಅರಗ್ವಾರಿ ನದಿಯ ಹೆಸರಾಂತ ಪೊರೊರೊಕಾ ಅಲೆ ಈಗ ಇಲ್ಲವೇ ಇಲ್ಲ. ಅದನ್ನು ಮುಗಿಸಿದ್ದರಲ್ಲಿ ಎಮ್ಮೆಗಳ ಪಾಲು ದೊಡ್ಡದು. ಹಿಂಡು ತುಳಿದ ದಾರಿಗಳೇ ಕಾಲುವೆಗಳಾಗಿ ನದಿಯ ನೀರನ್ನು ಬೇರೆ ಕಡೆ ಒಯ್ದವು, ಅಳಿವೆ ಹೂಳಿನಿಂದ ಮುಚ್ಚಿಕೊಂಡಿತು. ಕೆನಡಾದ ಪೆಟಿಕೋಡಿಯಾಕ್‌ನಲ್ಲಿ ಉಲ್ಟಾ. 1968ರ ಒಡ್ಡು ಕೊಂದಿದ್ದ ಅಲೆ 2010ರಲ್ಲಿ ಗೇಟು ತೆರೆದ ಮೇಲೆ ಚೇತರಿಸಿಕೊಂಡು, 2013ರಲ್ಲಿ ಇಬ್ಬರು ಕ್ಯಾಲಿಫೋರ್ನಿಯಾದವರನ್ನು 29 ಕಿಲೋಮೀಟರ್ ಹೊತ್ತೊಯ್ದಿತು.

ಸೆವರ್ನ್‌ನ ದಡದ ಪ್ರೇಕ್ಷಕರಿಗೂ ಪಾಲು ಸಿಗುತ್ತದೆ. ಸ್ಟೋನ್‌ಬೆಂಚ್‌ನಲ್ಲಿ 1966ರ ಅಕ್ಟೋಬರ್ 15ರಂದು 2.8 ಮೀಟರ್ ಎತ್ತರದ ಬೋರ್ ದಾಖಲಾಗಿದೆ ಎಂದು ತಿಳಿದವರೆಲ್ಲ ಅಲ್ಲಿಯ ಕಿರಿದಾದ ರಸ್ತೆಗೇ ಬರುತ್ತಾರೆ. ಅಲೆ ದಾಟಿದ ಕೂಡಲೇ ಚಪ್ಪಾಳೆ ತಟ್ಟಿ ಥರ್ಮಾಸಿನ ಚಹಾ ಬಗ್ಗಿಸುತ್ತಾರೆ. ಆದರೆ ನೀರು ಇನ್ನೂ ಸುಮಾರು ಒಂದು ಗಂಟೆ ಏರುತ್ತಲೇ ಇರುತ್ತದೆ. ಕಪ್ಪು ಖಾಲಿಯಾಗುವಾಗ ಕಾರಿನ ಚಕ್ರ ಅರ್ಧ ಕಾಣುವುದಿಲ್ಲ.

ಸವಾರರು ಜಾಣರು, ಎರಡು ಕಾರು ತರುತ್ತಾರೆ. ಒಂದನ್ನು ಮೇಲೆ ಮಿನ್‌ಸ್ಟರ್‌ವರ್ತ್‌ನಲ್ಲಿ ಬಿಟ್ಟು, ಇನ್ನೊಂದರಲ್ಲಿ ಕೆಳಗೆ ನ್ಯೂನ್‌ಹ್ಯಾಮಿಗೆ ಬಂದು ಬಟ್ಟೆ ಬದಲಿಸಿ ನೀರಿಗೆ ಇಳಿಯುತ್ತಾರೆ. ಮೇಲಿನ ಕಾರಿನ ಕೀಲಿ ಬಿಚ್ಚಿಟ್ಟ ಪ್ಯಾಂಟಿನ ಜೇಬಿನಲ್ಲಿ, ಪ್ಯಾಂಟು ಕೆಳಗಿನ ಕಾರಿನೊಳಗೆ. ರಿಮೋಟ್ ಕೀಲಿಗೆ ನೀರು ಆಗದು. ಬರಿಯ ಲೋಹದ ಕೀಲಿಯೊಂದನ್ನು ದಾರಕ್ಕೆ ಪೋಣಿಸಿ ವೆಟ್‌ಸೂಟಿನೊಳಗೆ ಕೊರಳಿಗೆ ಹಾಕಿಕೊಳ್ಳಬೇಕು. ಮೇಲಿನ ಕಾರಿನದ್ದೇ ಹೌದೇ ಎಂದು ಇಳಿಯುವ ಮೊದಲು ಇನ್ನೊಮ್ಮೆ ನೋಡಿಕೊಳ್ಳಿ.