ಚೀಟಿ ನೋಡಿ ಮಣೆ ಹಾಕು

ಬರೀ ಗೆರೆ, ಚೌಕಗಳಲ್ಲೇ ಚಿತ್ರ ಮಾಡುತ್ತಿದ್ದ ಡಚ್ ಕಲಾವಿದ ಮೊಂಡ್ರಿಯಾನ್‌ನ ಚಿತ್ರವೊಂದು ತಲೆಕೆಳಗಾಗಿ ನೇತಾಡುತ್ತಿದೆ ಎಂದು 2022ರಲ್ಲಿ ಸುದ್ದಿ ಬಂದಾಗ ನೀವೂ ನಕ್ಕಿರುತ್ತೀರಿ. ನಾನೂ ನಕ್ಕೆ. ಆಮೇಲೆ ಲೆಕ್ಕ ಹಾಕಿದೆ. 1945ರಿಂದ 77 ವರ್ಷ! ಮೊದಲು ನ್ಯೂಯಾರ್ಕಿನಲ್ಲಿ, ನಂತರ ಜರ್ಮನಿಯ ಡಸೆಲ್‌ಡಾರ್ಫ್‌ನಲ್ಲಿ. ಅಷ್ಟು ವರ್ಷ ಎಷ್ಟು ಜನ ಅದರ ಮುಂದೆ ಗದ್ದಕ್ಕೆ ಕೈಯಿಟ್ಟು ನಿಂತಿರಬೇಕು! ಕೆಳಗಡೆ ಗೆರೆಗಳು ಒತ್ತೊತ್ತಾಗಿವೆ, ಚಿತ್ರಕ್ಕೆ ಎಂಥಾ ಬುನಾದಿ ಕೊಟ್ಟಿದ್ದಾನೆ ಎಂದು ತಲೆದೂಗಿರಬೇಕು. ಬುನಾದಿಯಲ್ಲ ಮಾರಾಯ್ರೆ, ಅದು ಸೂರು.

1944ರಲ್ಲಿ ಅವನ ಸ್ಟುಡಿಯೋದಲ್ಲಿ ತೆಗೆದ ಫೋಟೋ ಇತ್ತು. ಅದರಲ್ಲಿ ಚಿತ್ರ ಸರಿಯಾಗಿಯೇ ನಿಂತಿತ್ತು. ಸರಿ, ಈಗಲಾದರೂ ತಿರುಗಿಸಿದರಾ? ಇಲ್ಲ. ಏಕೆಂದರೆ 1941ರ ಆ ಕೃತಿ ಬ್ರಷ್ಷಿನದಲ್ಲ, ಬಣ್ಣದ ಟೇಪು ಅಂಟಿಸಿದ್ದು. ಹಳೇ ಗೋಂದು ಅಷ್ಟು ವರ್ಷದಿಂದ ಒಂದೇ ಕಡೆಗೆ ಜೋತುಬಿದ್ದಿದೆ. ತಿರುಗಿಸಿದರೆ ಟೇಪೇ ಕೈಗೆ ಬರಬಹುದಂತೆ. ಇಡೀ ಪ್ರಕರಣದಲ್ಲಿ ಮೇಲು ಯಾವುದು, ಕೆಳಗು ಯಾವುದು ಎಂಬ ಪ್ರಜ್ಞೆ ಇದ್ದದ್ದು ಆ ಗೋಂದಿಗೆ ಮಾತ್ರ.

ನಗುವ ಹಕ್ಕು ನನಗೂ ಇಲ್ಲ ಬಿಡಿ. ಒಮ್ಮೆ ಒಂದು ಪ್ರದರ್ಶನದಲ್ಲಿ ಬೂದು ಬಣ್ಣದ ದೊಡ್ಡ ಚಿತ್ರದ ಮುಂದೆ ನಿಂತಿದ್ದೆ. ಪಕ್ಕದ ಚೀಟಿಯಲ್ಲಿ ‘ವಿರಹ’ ಎಂದಿತ್ತು. ಓದಿದ್ದೇ ತಡ, ಬೂದಿಯೊಳಗೆ ನೋವು ಕಾಣಿಸತೊಡಗಿತು. ಎರಡು ಕಡೆ ಬಣ್ಣ ಕೆಳಗೆ ಸೋರಿತ್ತು. ಕಣ್ಣೀರು ಅಂದುಕೊಂಡೆ. ಗಂಟಲು ಕಟ್ಟಿದ ಹಾಗೂ ಆಯಿತು. ಅಷ್ಟರಲ್ಲಿ ಒಬ್ಬ ಹುಡುಗ ಬಂದು, "ಸಾರಿ ಸಾರ್, ಚೀಟಿ ಅದಲುಬದಲಾಗಿದೆ" ಎಂದು ಅದನ್ನು ಕಿತ್ತು ಕಿತ್ತಳೆ ಬಣ್ಣದ ಚಿತ್ರದ ಪಕ್ಕ ಅಂಟಿಸಿದ. ನನ್ನ ಬೂದಿಗೆ ಬಂದ ಚೀಟಿ: ‘ಉತ್ಸಾಹ - 3’. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನಮ್ಮದು. ನಾನು ಕಟ್ಟಿದ್ದಷ್ಟೇ ಅಲ್ಲ, ಹಾಲು ಕರೆಯಲು ಕೂತಿದ್ದೆ.

ಪಕ್ಕದಲ್ಲಿ ಹಸಿರಿದ್ದರೆ ಬೂದು ಬಣ್ಣ ಸ್ವಲ್ಪ ಕೆಂಪಾಗಿ ಕಾಣುತ್ತದೆ. ಬಣ್ಣಗಳ ಈ ನೆರೆಹೊರೆ ಪ್ರಭಾವದ ಬಗ್ಗೆ ಕಲಾವಿದ ಜೋಸೆಫ್ ಆಲ್ಬರ್ಸ್ 1963ರಲ್ಲೇ ಪುಸ್ತಕ ಬರೆದ. ಪಕ್ಕದಲ್ಲಿ ಚೀಟಿಯಿದ್ದರೂ ಬಣ್ಣ ಬದಲಾಗುತ್ತದೆ ಎಂಬುದು ನನ್ನ ಸಂಶೋಧನೆ.

ರಷ್ಯಾದ ಯೆಕಾಟೆರಿನ್‌ಬರ್ಗ್‌ನ ಒಂದು ಗ್ಯಾಲರಿಯ ಕಾವಲುಗಾರನ ಮೇಲೆ ಮಾತ್ರ ನನಗೆ ಒಳಗೊಳಗೇ ಗೌರವ. 2021ರ ಡಿಸೆಂಬರ್. ಕೆಲಸದ ಮೊದಲ ದಿನ. ಎದುರಿಗೆ ಕಣ್ಣು ಮೂಗು ಇಲ್ಲದ ಮುಖಗಳ ಚಿತ್ರ, ರಷ್ಯಾದ ಹೆಸರಾಂತ ಚಿತ್ರಕಾರ ಮಾಲೆವಿಚ್‌ನ ಶಿಷ್ಯೆ ಅನ್ನಾ ಲೆಪೋರ್ಸ್ಕಯಾ ಬರೆದದ್ದು. ಇವನು ಬಾಲ್‌ಪೆನ್ ತೆಗೆದು ಕಣ್ಣು ಬರೆದೇಬಿಟ್ಟ. ತಪ್ಪು, ದೊಡ್ಡ ತಪ್ಪು. ಆದರೆ ಚೀಟಿ ಬಿಟ್ಟು ಚಿತ್ರವನ್ನೇ ನೋಡಿದನಲ್ಲ!

ಇನ್ನು ಕಪ್ಪಿನ ವಿಚಾರ. ವಾಂಟಾಬ್ಲ್ಯಾಕ್ ಎಂಬ ಲೇಪನ ಬಿದ್ದ ಬೆಳಕಿನಲ್ಲಿ ಶೇ. 99.965 ನುಂಗುತ್ತದೆ. ಕಲೆಯಲ್ಲಿ ಅದನ್ನು ಬಳಸುವ ಹಕ್ಕು ಶಿಲ್ಪಿ ಅನೀಶ್ ಕಪೂರ್ ಒಬ್ಬರಿಗೇ ಎಂದು 2016ರಲ್ಲಿ ಗೊತ್ತಾಯಿತು. ಕಲಾವಿದ ಸ್ಟುವರ್ಟ್ ಸೆಂಪಲ್‌ಗೆ ಸಿಟ್ಟು ಬಂತು. ಕಣ್ಣು ಕುಕ್ಕುವ ಗುಲಾಬಿ ಪುಡಿ ತಯಾರಿಸಿ, ಕಪೂರ್ ಒಬ್ಬರನ್ನು ಬಿಟ್ಟು ಯಾರಿಗೆ ಬೇಕಾದರೂ ಮಾರುತ್ತೇನೆ ಎಂದ. ಕೊಳ್ಳುವವರು ‘ನಾನು ಅನೀಶ್ ಕಪೂರ್ ಅಲ್ಲ’ ಎಂದು ಒಪ್ಪಿಕೊಳ್ಳಬೇಕು. ಕಪೂರ್ ಹೇಗೋ ಪುಡಿ ಸಂಪಾದಿಸಿ, ನಡುಬೆರಳು ಅದ್ದಿ, ಫೋಟೋ ಹಾಕಿದರು. ಬೆಳೆದ ಗಂಡಸರು! ನರ್ಸರಿ ಮಕ್ಕಳಾದರೂ ಕ್ರೇಯಾನ್ ಹಂಚಿಕೊಳ್ಳುತ್ತವೆ.

ಇದೇ ಕಪೂರರ ಇನ್ನೊಂದು ಕೃತಿಯಲ್ಲಿ ನೆಲದ ಮೇಲೆ ಕಪ್ಪು ವೃತ್ತ ಕಾಣುತ್ತದೆ. ವೃತ್ತವಲ್ಲ, ಒಳಗೆ ಕಪ್ಪು ಬಳಿದ ನಿಜವಾದ ಗುಂಡಿ. 2018ರಲ್ಲಿ ಪೋರ್ಚುಗಲ್‌ನ ಪೋರ್ಟೊದಲ್ಲಿ ಒಬ್ಬರು ಅದರೊಳಗೆ ಬಿದ್ದರು. ಆಸ್ಪತ್ರೆಗೂ ಸೇರಿದರು, ಪಾಪ. ಬಣ್ಣವೋ ಆಳವೋ ಎಂದು ಮೈಯಾರೆ ಪರೀಕ್ಷಿಸಿದ ಪ್ರೇಕ್ಷಕರು ಕಲೆಯ ಚರಿತ್ರೆಯಲ್ಲಿ ಜಾಸ್ತಿ ಇಲ್ಲ.

ನಗು ಇಲ್ಲಿಗೆ ಸಾಕು. ನನಗೆ ಸುಸ್ತಾಗುವುದು ಫೋನ್ ನೋಡಿದಾಗ. ಬರೀ ನೀಲಿಯ ಚಿತ್ರಗಳಿಗೆ ಹೆಸರಾದ ಫ್ರೆಂಚ್ ಕಲಾವಿದ ಈವ್ ಕ್ಲೈನ್ ಒದ್ದಾಡಿದ್ದು ಏತಕ್ಕೆ? ಅಲ್ಟ್ರಾಮರೀನ್ ಎಂಬ ನೀಲಿ ಪುಡಿ ಒಣಗಿದ್ದಾಗ ಮಖಮಲ್ಲಿನ ಹಾಗಿರುತ್ತದೆ. ಎಣ್ಣೆಯಲ್ಲಿ ಕಲಸಿದರೆ ಮಂಕಾಗುತ್ತದೆ. ಪುಡಿ ಪುಡಿಯಾಗಿಯೇ ಕಾಣಲಿ ಎಂದು ಅವನು ಎಣ್ಣೆ ಬಿಟ್ಟು ಒಂದು ಸಿಂಥೆಟಿಕ್ ಅಂಟನ್ನು ಹಿಡಿದ. 1960ರಲ್ಲಿ ಅದನ್ನು ಅಧಿಕೃತವಾಗಿ ದಾಖಲಿಸಿಟ್ಟ. ಈಗ ಅದರ ಮುಂದೆ ಬಂದವರು ಫೋನ್ ಎತ್ತುತ್ತಾರೆ, ಕ್ಲಿಕ್, ಮುಂದಿನ ಕೋಣೆ. ಸ್ಕ್ರೀನಿನಲ್ಲಿ ಉಳಿದದ್ದು ಸುಮ್ನೆ ಒಂದು ನೀಲಿ ಚೌಕ. ಗಾಜಿನ ಹಿಂದೆ ಎಣ್ಣೆ, ಅಕ್ರಿಲಿಕ್, ಟೇಪು, ಪುಡಿ ಎಲ್ಲಕ್ಕೂ ಒಂದೇ ಚರ್ಮ. ಅದನ್ನು ನೋಡಿ ಇನ್ನೊಬ್ಬರು ಬರೆಯುತ್ತಾರೆ: "ಇದನ್ನು ನನ್ನ ಮಗುವೂ ಮಾಡುತ್ತೆ." ನಿಮ್ಮ ಮಗು ಏನು ಬೇಕಾದರೂ ಮಾಡಲಿ ಸ್ವಾಮಿ. ನೀವು ಒಂದು ನಿಮಿಷ ನೋಡಿದಿರಾ?

ಅಮೆರಿಕದ ಚಿತ್ರಕಾರ ರಾಥ್ಕೊ ಹಾರ್ವರ್ಡ್‌ಗೆ ಬರೆದ ದೊಡ್ಡ ಚಿತ್ರಗಳನ್ನು 1964ರಲ್ಲಿ ತೂಗುಹಾಕಿದ್ದು ಊಟದ ಕೋಣೆಯಲ್ಲಿ. ದೊಡ್ಡ ದೊಡ್ಡ ಕಿಟಕಿ, ಭರ್ತಿ ಬಿಸಿಲು. ಅವನು ಬಳಸಿದ್ದ ಲಿಥಾಲ್ ರೆಡ್ ಬಿಸಿಲು ತಾಳುವ ಬಣ್ಣವಲ್ಲ. ಪಕ್ಕದಲ್ಲೇ ಕೂತು ಉಣ್ಣುತ್ತಿದ್ದವರ ಕಣ್ಣೆದುರಿಗೇ ಕಡುಗೆಂಪು ಸೋರಿಹೋಯಿತು. 1979ರ ಹೊತ್ತಿಗೆ ಎಲ್ಲವನ್ನೂ ಇಳಿಸಿ ಕತ್ತಲೆ ಕೋಣೆಗೆ ಸೇರಿಸಿದರು. 2014ರಲ್ಲಿ ಮತ್ತೆ ಹೊರಗೆ ತಂದಾಗ ಬಣ್ಣ ಬಳಿಯಲಿಲ್ಲ. ಕಳೆದುಹೋದ ಕೆಂಪನ್ನು ಪ್ರೊಜೆಕ್ಟರ್ ಬೆಳಕಿನಿಂದ ಮೇಲೆ ಬಿಟ್ಟರು. ಸಂಜೆ 4 ಗಂಟೆಗೆ ಪ್ರೊಜೆಕ್ಟರ್ ಆರಿಸುತ್ತಿದ್ದರು. ಮಾಸಿದ ಕ್ಯಾನ್ವಾಸ್ ಇದ್ದ ಹಾಗೇ ಕಾಣುತ್ತಿತ್ತು.

ನಾನಾಗಿದ್ದರೆ ನಾಲ್ಕಕ್ಕೇ ಹೋಗುತ್ತಿದ್ದೆ.