ಬರ್ಕ್ಲಿಯ ಬೀದಿ ಪತ್ರಿಕೆ, ನಮ್ಮ ಕಡೆಯ ವಾರಪತ್ರಿಕೆ

1960ರ ದಶಕದ ಅಮೆರಿಕದಲ್ಲಿ ವ್ಯವಸ್ಥೆಯನ್ನು ಎದುರುಹಾಕಿಕೊಂಡು ಹೊರಟ ‘ಭೂಗತ’ ಪತ್ರಿಕೆಗಳೆಂದರೆ ಹಿಪ್ಪಿಗಳು, ಗಾಂಜಾ ಮತ್ತು ಗೀಚು ಚಿತ್ರಗಳು ಎಂದಷ್ಟೇ ತಿಳಿದವರು ನನ್ನ ಊರಾದ ಹಾಸನದಲ್ಲೂ ಇದ್ದಾರೆ, ನಾನೀಗ ನೆಲೆಸಿರುವ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲೂ ಇದ್ದಾರೆ. ಆ ಪತ್ರಿಕೆಗಳು ಜನರನ್ನು ಸೇರಿಸಿದ ಬಗೆ ಮತ್ತು ಅವುಗಳಿಗೆ ದುಡ್ಡು ಬಂದ ದಾರಿ, ಇವೆರಡನ್ನು ನೋಡದೆ ಅವುಗಳ ಪ್ರಭಾವವನ್ನು ಅಳೆಯಲಾಗದು ಎಂಬುದು ನನ್ನ ಅನಿಸಿಕೆ.

ಮ್ಯಾಕ್ಸ್ ಶೆರ್ 1965ರ ಆಗಸ್ಟ್‌ನಲ್ಲಿ ಆರಂಭಿಸಿದ ‘ಬರ್ಕ್ಲಿ ಬಾರ್ಬ್’ ಟೆಲಿಗ್ರಾಫ್ ಅವೆನ್ಯೂವಿನ ಬೀದಿಯಲ್ಲಿ ಕೈಯಿಂದ ಕೈಗೆ ಮಾರಾಟವಾಗುತ್ತಿತ್ತು. 1969ರ ಏಪ್ರಿಲ್ 18ರ ಸಂಚಿಕೆಯಲ್ಲಿ, ವಿಶ್ವವಿದ್ಯಾಲಯದ ಪಾಳು ಜಾಗವೊಂದನ್ನು ಉದ್ಯಾನ ಮಾಡೋಣ, ಭಾನುವಾರ ಬನ್ನಿ ಎಂಬ ಕರೆ ಅಚ್ಚಾಯಿತು. 20ರಂದು ನೂರಕ್ಕೂ ಹೆಚ್ಚು ಜನ ಸಲಿಕೆ, ಸಸಿ ಹಿಡಿದು ಬಂದರು. ಮೇ 15ರ ಬೆಳಗಿನ ಜಾವ ಪೊಲೀಸರ ಕಾವಲಿನಲ್ಲಿ ಆ ಜಾಗಕ್ಕೆ ಬೇಲಿ ಬಿತ್ತು. ಅದನ್ನು ವಿರೋಧಿಸಿ ಅಂದು ನಡೆದ ಪ್ರತಿಭಟನೆಯ ವೇಳೆ ಪೊಲೀಸರ ಗೋಲಿಬಾರಿನಲ್ಲಿ ಗಾಯಗೊಂಡ ಜೇಮ್ಸ್ ರೆಕ್ಟರ್ ಎಂಬ ಯುವಕ ಕೆಲವೇ ದಿನಗಳಲ್ಲಿ ತೀರಿಕೊಂಡರು. ಸುದ್ದಿ ಬರೆಯುವವರೇ ಸುದ್ದಿಗೆ ಕಾರಣರಾದ ಇಂಥ ನಿದರ್ಶನ ಪತ್ರಿಕೋದ್ಯಮದಲ್ಲಿ ಅಪರೂಪ.

ನಮ್ಮಲ್ಲಿ ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೀಗೆ ಬೀದಿಯಲ್ಲಿ ನಿಂತು ಮಾರುವುದು ಸಾಧ್ಯವಿರಲಿಲ್ಲ. ಅಮೆರಿಕದಲ್ಲಿ ಟೈಪು ಮಾಡಿದ ಹಾಳೆಯನ್ನು ಅಂಟಿಸಿ, ಅಗ್ಗದ ಆಫ್‌ಸೆಟ್‌ನಲ್ಲಿ ಮುದ್ರಿಸಬಹುದಾಗಿತ್ತು. ಇಲ್ಲಿ ಮೊಳೆ ಜೋಡಿಸಿ ಅಚ್ಚು ಹಾಕುವ ಪ್ರೆಸ್ಸು ಬಚ್ಚಿಡುವಂಥ ವಸ್ತುವಲ್ಲ. ಆದ್ದರಿಂದ ಮೇಣದ ಸ್ಟೆನ್ಸಿಲ್ ಮೇಲೆ ಮೊನೆಯಿಂದ ಗೀರಿ ಬರೆದು, ಸೈಕ್ಲೋಸ್ಟೈಲ್ ಯಂತ್ರದ ಹಿಡಿ ತಿರುಗಿಸಿ ತೆಗೆದ, ಶಾಯಿ ಹರಡಿದ ಕರಪತ್ರಗಳು ಗುಟ್ಟಾಗಿ ಓಡಾಡಿದವು. ನಿಜವಾದ ಅರ್ಥದಲ್ಲಿ ಭೂಗತವೆನ್ನಬೇಕಾದುದು ಇವನ್ನೇ.

1980ರಲ್ಲಿ ಬಂದ ‘ಲಂಕೇಶ್ ಪತ್ರಿಕೆ’ ಭೂಗತವಲ್ಲ, ಆದರೂ ಬಾರ್ಬ್‌ನೊಡನೆ ಹೋಲಿಸಬೇಕಾದ ಪತ್ರಿಕೆ ಅದೇ. ಅದು ಜಾಹೀರಾತನ್ನೇ ಮುಟ್ಟಲಿಲ್ಲ. ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಪೂರ್ಣಚಂದ್ರ ತೇಜಸ್ವಿ ಅದಕ್ಕೆ ಬರೆದರು. ಕ್ಷೌರದಂಗಡಿಯ ಬೆಂಚಿನ ಮೇಲೆ ಒಂದೇ ಪ್ರತಿ ವಾರವಿಡೀ ಕೈ ಬದಲಿಸುತ್ತಾ ಅಂಚು ಹರಿದು ಹೋಗುತ್ತಿತ್ತು. ಕೊಂಡವನು ಒಬ್ಬನಾದರೆ ಓದಿದವರು ಎಷ್ಟೋ ಮಂದಿ. ಅಮೆರಿಕದ ಪತ್ರಿಕೆಗಳಾದರೋ ರೆಕಾರ್ಡ್ ಕಂಪನಿಗಳ ಹಾಗೂ ಲೈಂಗಿಕ ಜಾಹೀರಾತುಗಳ ಹಣಕ್ಕೆ ಒಗ್ಗಿಕೊಂಡವು. ಆ ಕಂಪನಿಗಳು ಜಾಹೀರಾತು ನಿಲ್ಲಿಸುವಂತೆ ಮಾಡಬೇಕೆಂದು ಎಫ್‌ಬಿಐ ಒಳಗೇ ಸಲಹೆ ಓಡಾಡಿದ್ದಕ್ಕೆ ಕಾರಣ ಸ್ಪಷ್ಟವಿದೆ: ಬಾಯಿ ಮುಚ್ಚಿಸಲು ಅದಕ್ಕಿಂತ ಸುಲಭದ ದಾರಿ ಇರಲಿಲ್ಲ. ಬಾರ್ಬ್‌ನಲ್ಲಿ ಹಣದ ವಿಚಾರಕ್ಕೇ ಜಗಳವಾಗಿ, 1969ರಲ್ಲಿ ಸಿಬ್ಬಂದಿ ಹೊರನಡೆದು ಬೇರೆ ಪತ್ರಿಕೆ ಮಾಡಿದರು. ಈ ವಿಷಯದಲ್ಲಿ ನಮ್ಮವರ ಹಟವೇ ಮೇಲು ಎನ್ನುತ್ತೇನೆ, ಒಬ್ಬ ಸಂಪಾದಕನ ಇಷ್ಟಾನಿಷ್ಟಕ್ಕೆ ಇಡೀ ಪತ್ರಿಕೆ ಕಟ್ಟುಬೀಳುವ ಅಪಾಯ ಅದರಲ್ಲಿದ್ದರೂ.

ಅಮೆರಿಕದವರಿಂದ ನಾವು ಕಲಿಯಲೇಬೇಕಾದ ಸಂಗತಿಯೊಂದಿದೆ. 1966ರಲ್ಲಿ ಅಲ್ಲಿನ ಪತ್ರಿಕೆಗಳು ಒಂದು ಒಕ್ಕೂಟ ಕಟ್ಟಿಕೊಂಡು, ಒಬ್ಬರ ಬರಹವನ್ನು ಇನ್ನೊಬ್ಬರು ಹಣ ಕೊಡದೆ ಮರುಮುದ್ರಿಸಬಹುದೆಂದು ಒಪ್ಪಿಕೊಂಡವು. ಡೆಟ್ರಾಯಿಟ್‌ನ ಸಣ್ಣ ಪತ್ರಿಕೆಯ ಓದುಗನಿಗೂ ನ್ಯೂಯಾರ್ಕಿನ ಯುದ್ಧವಿರೋಧಿ ಬರಹ ಸಿಕ್ಕಿದ್ದು ಹೀಗೆ. ನಮ್ಮ ಕಡೆ ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಗಳಲ್ಲಿ ಕಾಡಾನೆ ತುಳಿದು ಕೂಲಿಯವರು ಸತ್ತಾಗ ಸ್ಥಳೀಯ ಪತ್ರಿಕೆಗಳು ಹೆಚ್ಚಾಗಿ ತಂತಮ್ಮ ತಾಲ್ಲೂಕಿನ ಸಾವನ್ನಷ್ಟೇ ಬರೆಯುತ್ತವೆ. ಆನೆಗಾದರೋ ಜಿಲ್ಲೆಯ ಗಡಿ ತಿಳಿಯದು. ಹಾಸನ ಮತ್ತು ಚಿಕ್ಕಮಗಳೂರಿನ ಸಣ್ಣ ಪತ್ರಿಕೆಗಳು ಈ ಒಂದು ವಿಷಯಕ್ಕಾದರೂ ವರದಿಗಳನ್ನು ಪರಸ್ಪರ ಹಂಚಿಕೊಂಡು, ಒಂದೇ ವಾರ ಎರಡೂ ಜಿಲ್ಲೆಗಳಲ್ಲಿ ಅಚ್ಚು ಹಾಕಿದರೆ, ಪರಿಹಾರದ ಕಡತಗಳನ್ನು ಹಿಡಿದು ಕೂತವರು ಎರಡೂ ಕಡೆಯ ಓದುಗರಿಗೆ ಒಟ್ಟಿಗೇ ಉತ್ತರ ಹೇಳಬೇಕಾಗುತ್ತದೆ.